ಬ್ಯಾಜರ್ ನಾಡಿನಿಂದ ಬಕ್‌ಐ ನಾಡಿನವರೆಗೆ: ಮೊಮ್ಮಗಳ ಜೊತೆ ಆರು ದಿನ

ನಾನು ತೀರ್ಥಹಳ್ಳಿ ಕಡೆಯ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು. ರಾಜ್ಯಪಕ್ಷಿ ನೀಲಕಂಠ, ರಾಜ್ಯವೃಕ್ಷ ಶ್ರೀಗಂಧ, ರಾಜ್ಯಪ್ರಾಣಿ ಆನೆ, ರಾಜ್ಯಪುಷ್ಪ ಕಮಲ ಅಂತ ಎಷ್ಟು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೋ ಲೆಕ್ಕವೇ ಇಲ್ಲ. ಇವನ್ನೆಲ್ಲ ಆರಿಸಿದ್ದು ಯಾರು ಅಂತ ಒಂದು ಮಗುವೂ ಕೇಳಿರಲಿಲ್ಲ.

ಆ ಮಾತು ಬಂದಿದ್ದು ಮಗನ ಮನೆಯಲ್ಲಿ, ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ. ಹಿತ್ತಲಲ್ಲಿ ಕಾಳು ತುಂಬಿಟ್ಟ ಗೂಡಿಗೆ ದಿನಾ ಬೆಳಗ್ಗೆ ಒಂದು ಕೆಂಪು ಹಕ್ಕಿ ಬರುತ್ತಿತ್ತು. ಕುಂಕುಮದ ಬಣ್ಣ, ತಲೆ ಮೇಲೆ ಜುಟ್ಟು. ಆಗಷ್ಟೇ ನಾಲ್ಕನೇ ತರಗತಿ ಮುಗಿಸಿದ್ದ ಮೊಮ್ಮಗಳು ಹೇಳಿದಳು: "ಅಜ್ಜಿ, ಇದು ಕಾರ್ಡಿನಲ್. ಇಲಿನಾಯ್ ರಾಜ್ಯದ ಹಕ್ಕಿ. ಇದನ್ನ ಆರಿಸಿದ್ದು ಶಾಲೆ ಮಕ್ಕಳು, ವೋಟ್ ಹಾಕಿ!"

ನಿಜ. 1928ರಲ್ಲಿ ಇಲಿನಾಯ್‌ನ ಶಾಲಾ ಮಕ್ಕಳು ಮತ ಹಾಕಿದರು. ನೀಲಿ ಹಕ್ಕಿ, ಹುಲ್ಲುಗಾವಲಿನ ಮೆಡೋಲಾರ್ಕ್ ಎಲ್ಲ ಕಣದಲ್ಲಿದ್ದವು. ಗೆದ್ದಿದ್ದು ಕಾರ್ಡಿನಲ್. ಮರುವರ್ಷ ಅದು ಕಾನೂನಾಯಿತು. ಮಕ್ಕಳ ಮಾತು ಕಾನೂನಾಗುವುದು ಅಂದರೆ ಏನು ಸಾಮಾನ್ಯವೇ? ಇಂಥದ್ದು ಇನ್ನೆಲ್ಲಿ ನಡೆದಿದೆ ಅಂತ ಮೊಮ್ಮಗಳು ಪಟ್ಟಿ ಮಾಡಿದಳು. ಮಗನಿಗೆ ಒಂದು ವಾರ ರಜೆ ಇತ್ತು. ಸೊಸೆ ಚಕ್ಕುಲಿ, ಪುಳಿಯೋಗರೆ ಗೊಜ್ಜು ಕಟ್ಟಿಕೊಂಡಳು. ಜೂನ್ ನಡುವಿನ ಒಂದು ಶುಕ್ರವಾರ ಹೊರಟೆವು.

ಮೊದಲ ದಿನ, ಶುಕ್ರವಾರ: ಬಿಲದಲ್ಲಿ ಬದುಕಿದವರು

ಹೆದ್ದಾರಿ ಸೇರಿದ ಕೂಡಲೇ ಮೊಮ್ಮಗಳು ನಂಬರ್ ಪ್ಲೇಟ್ ಆಟ ಶುರು ಮಾಡಿದಳು. ಇಲ್ಲಿ ಪ್ಲೇಟಿನ ಮೇಲೆ ನಂಬರಿನ ಜೊತೆಗೆ ರಾಜ್ಯದ ಹೆಮ್ಮೆಯೂ ಇರುತ್ತದೆ. ಇಲಿನಾಯ್ ಪ್ಲೇಟಿನಲ್ಲಿ 'ಲಿಂಕನ್ ನಾಡು'. ವಿಸ್ಕಾನ್ಸಿನ್ ಪ್ಲೇಟಿನಲ್ಲಿ 1940ರಿಂದಲೂ 'ಅಮೆರಿಕದ ಹೈನುನಾಡು'. ಒಹಾಯೋ ತನ್ನನ್ನು ವಿಮಾನ ಹುಟ್ಟಿದ ಜಾಗ ಅಂದರೆ, ನಾರ್ತ್ ಕ್ಯಾರೊಲಿನಾ 'ಮೊದಲು ಹಾರಿದ್ದು ನಮ್ಮಲ್ಲಿ' ಅನ್ನುತ್ತದೆ. ರೈಟ್ ಸಹೋದರರು ಒಹಾಯೋದವರು, ಹಾರಿದ್ದು ನಾರ್ತ್ ಕ್ಯಾರೊಲಿನಾದಲ್ಲಿ. ಇಬ್ಬರದ್ದೂ ನ್ಯಾಯವೇ.

ಮೂರು ಗಂಟೆ ಹಾದಿ ಕಳೆದು ಮಿನರಲ್ ಪಾಯಿಂಟ್ ತಲುಪಿದೆವು. ನೈಋತ್ಯ ವಿಸ್ಕಾನ್ಸಿನ್‌ನ ಪುಟ್ಟ ಊರು. ಎತ್ತರ ತಗ್ಗಿನ ಬೀದಿಗಳು, ಕಲ್ಲಿನ ಮನೆಗಳು. ವಿಸ್ಕಾನ್ಸಿನ್ ಜನರನ್ನು ಬ್ಯಾಜರ್‌ಗಳು ಅಂತ ಕರೆಯುವುದರ ಬೇರು ಈ ಕಡೆಯ ಗುಡ್ಡಗಳಲ್ಲಿದೆ.

ಬ್ಯಾಜರ್ ಅಂದರೆ ನೆಲ ತೋಡಿ ಬಿಲದಲ್ಲಿ ಇರುವ, ಮುಖದ ಮೇಲೆ ಬಿಳಿ ಪಟ್ಟೆಯ ಗಿಡ್ಡ ಪ್ರಾಣಿ. ನಮ್ಮ ತರಕರಡಿಯ ದೂರದ ನೆಂಟ ಅನ್ನಬಹುದು. ಆದರೆ ಜನರಿಗೆ ಈ ಹೆಸರು ಬಂದಿದ್ದು ಇಲ್ಲಿ ಆ ಪ್ರಾಣಿ ಜಾಸ್ತಿ ಅಂತಲ್ಲ. 1820ರ ದಶಕದ ಕೊನೆಯಲ್ಲಿ ಸೀಸದ ಅದಿರು ಹುಡುಕಿಕೊಂಡು ಇಲ್ಲಿಗೆ ಜನ ನುಗ್ಗಿದರು. ಮನೆ ಕಟ್ಟಲು ಸಮಯವಿಲ್ಲ, ಹಣವೂ ಇಲ್ಲ. ಅಗೆದ ಗುಂಡಿಯಲ್ಲೇ, ಗುಡ್ಡದ ಬದಿಯಲ್ಲಿ ಕೊರೆದ ಗವಿಯಲ್ಲೇ ಚಳಿಗಾಲ ಕಳೆದರು. ನೋಡಿದವರು ಬ್ಯಾಜರ್ ಅಂದರು. ಚಳಿ ಬಂದ ಕೂಡಲೇ ದಕ್ಷಿಣಕ್ಕೆ, ಇಲಿನಾಯ್ ಕಡೆಗೆ ಇಳಿದು, ವಸಂತದಲ್ಲಿ ಮತ್ತೆ ಹತ್ತಿ ಬರುವವರಿಗೆ ಸಕರ್ ಅನ್ನುವ ಹೆಸರು. ಹೊಳೆಯಲ್ಲಿ ಹಾಗೇ ಮೇಲೆ ಕೆಳಗೆ ಓಡಾಡುವ ಮೀನು ಅದು.

"ಹಾಗಾದ್ರೆ ನಾವು ಸಕರ್‌ಗಳಾ?" ಅಂತ ಮೊಮ್ಮಗಳು ಮುಖ ಸಣ್ಣ ಮಾಡಿದಳು. ಇಂದಿನ ಇಂಗ್ಲಿಷಿನಲ್ಲಿ ಆ ಮಾತಿಗೆ ಸುಲಭವಾಗಿ ಮೋಸಹೋಗುವವನು ಅನ್ನುವ ಅರ್ಥವಿದೆ. ಅದಕ್ಕೇ ಇರಬೇಕು, ಇಲಿನಾಯ್ ಜನ ಅದನ್ನು ಉಳಿಸಿಕೊಳ್ಳಲಿಲ್ಲ.

ಪೆಂಡಾರ್ವಿಸ್ ಅನ್ನುವ ಹಳೇ ಗಣಿಗಾರರ ಮನೆಗಳ ಗುಂಪನ್ನು ರಾಜ್ಯವೇ ಕಾಪಾಡಿಕೊಂಡಿದೆ. 1935ರಲ್ಲಿ ರಾಬರ್ಟ್ ನೀಲ್, ಎಡ್ಗರ್ ಹೆಲಮ್ ಅನ್ನುವ ಇಬ್ಬರು ಗೆಳೆಯರು ಬೀಳುತ್ತಿದ್ದ ಈ ಮನೆಗಳನ್ನು ಒಂದೊಂದಾಗಿ ಕೊಂಡು ದುರಸ್ತಿ ಮಾಡತೊಡಗಿದರು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರು ಕಟ್ಟಿದ ಮನೆಗಳು ಇವು. ಮುಂದಿನ ಬೀದಿಯ ಹೆಸರು ಶೇಕ್ ರ್‍ಯಾಗ್. ಊಟದ ಹೊತ್ತಿಗೆ ಹೆಂಗಸರು ಬಾಗಿಲಲ್ಲಿ ನಿಂತು ಬಟ್ಟೆ ಬೀಸುತ್ತಿದ್ದರಂತೆ. ಎದುರು ಗುಡ್ಡದಲ್ಲಿ ಅಗೆಯುತ್ತಿದ್ದ ಗಂಡಸರು ಅದನ್ನು ನೋಡಿ ಇಳಿದು ಬರುತ್ತಿದ್ದರಂತೆ.

ಆ ಗುಡ್ಡ ಹತ್ತಿದೆವು. ಹುಲ್ಲು ಮುಚ್ಚಿದ ತಗ್ಗುಗಳು ಇನ್ನೂ ಕಾಣುತ್ತವೆ. ಒಂದರ ಅಂಚಿನಲ್ಲಿ ನಾನು ಸುಮ್ಮನೆ ಕೂತೆ. ಇಲ್ಲಿ ಮೈನಸ್ ಇಪ್ಪತ್ತು ಡಿಗ್ರಿ ಚಳಿಯಲ್ಲಿ ಮನುಷ್ಯರು ಮಲಗಿದ್ದರು. ಅವರ ಬಡತನ ನೋಡಿ ಇಟ್ಟ ಹೆಸರು ಇವತ್ತು ರಾಜ್ಯದ ಮುದ್ರೆಯಲ್ಲಿದೆ, ಬಾವುಟದಲ್ಲಿದೆ, ವಿಶ್ವವಿದ್ಯಾಲಯದ ತಂಡದ ಅಂಗಿಯ ಮೇಲಿದೆ.

ಎರಡನೇ ದಿನ, ಶನಿವಾರ: ಮ್ಯಾಡಿಸನ್

ರಾಜಧಾನಿ ಮ್ಯಾಡಿಸನ್ ಎರಡು ಕೆರೆಗಳ ನಡುವಿನ ಕಿರಿದಾದ ನೆಲದ ಮೇಲಿದೆ. ಶನಿವಾರ ಶಾಸನಭವನದ ಸುತ್ತ ರೈತರ ಸಂತೆ. ನೂಕುನುಗ್ಗಲು ಆಗದ ಹಾಗೆ ಎಲ್ಲರೂ ಒಂದೇ ದಿಕ್ಕಿನಲ್ಲಿ ಸುತ್ತು ಬರುತ್ತಾರೆ, ನಮ್ಮ ದೇವಸ್ಥಾನದ ಪ್ರದಕ್ಷಿಣೆ ಇದ್ದಂತೆ. ಅಲ್ಲಿ ಹೊಸ ಚೀಸ್‌ನ ಉಂಡೆಗಳನ್ನು ತಿಂದೆವು. ತಾಜಾ ಇದ್ದರೆ ಹಲ್ಲಿನ ಕೆಳಗೆ ಕೀಚ್ ಅಂತ ಸದ್ದು ಬರಬೇಕು. ಬಂತು.

ಭವನದ ಗುಮ್ಮಟದ ಮೇಲೆ ಚಿನ್ನದ ಹಾಳೆ ಹೊದ್ದ ಹೆಣ್ಣಿನ ಪ್ರತಿಮೆ ಇದೆ. ಹೆಸರು ವಿಸ್ಕಾನ್ಸಿನ್. ವಾಷಿಂಗ್ಟನ್‌ನಲ್ಲಿ ಕೂತಿರುವ ದೊಡ್ಡ ಲಿಂಕನ್ ಪ್ರತಿಮೆ ಮಾಡಿದ ಡೇನಿಯಲ್ ಚೆಸ್ಟರ್ ಫ್ರೆಂಚ್ ಅವರದ್ದೇ ಕೆಲಸ. ಆಕೆಯ ಶಿರಸ್ತ್ರಾಣದ ಮೇಲೆ ಒಂದು ಬ್ಯಾಜರ್ ಕೂತಿದೆ. ಕೆಳಗಿನಿಂದ ಬರಿಗಣ್ಣಿಗೆ ಕಾಣುವುದಿಲ್ಲ, ಸೊಸೆ ಕ್ಯಾಮೆರಾದಲ್ಲಿ ಹತ್ತಿರ ತಂದು ತೋರಿಸಿದಳು. ಒಳಗೆ ರಾಜ್ಯಪಾಲರ ಕಚೇರಿ ಮುಂದೆ ಕಂಚಿನ ಬ್ಯಾಜರ್ ಒಂದಿದೆ. ಬಂದವರೆಲ್ಲ ಮೂಗು ಸವರುತ್ತಾರೆ, ಒಳ್ಳೆಯದಾಗುತ್ತದೆ ಅಂತ. ಅದರ ಮೂಗು ಮಾತ್ರ ಉಜ್ಜಿದ ಹಿತ್ತಾಳೆ ಚೊಂಬಿನ ಹಾಗೆ ಹೊಳೆಯುತ್ತಿತ್ತು. (ಇಲ್ಲಿ ರಾಜ್ಯಪಾಲ ಅಂದರೆ ಜನ ಆರಿಸಿದವರು, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ.)

ಮೊಮ್ಮಗಳ ಪಟ್ಟಿಯಲ್ಲಿದ್ದ ಕಥೆ ಇದೇ ಊರಿನದು. ಬ್ಯಾಜರ್ ನೂರು ವರ್ಷಗಳಿಂದ ರಾಜ್ಯದ ಮುದ್ರೆಯಲ್ಲಿತ್ತು. ಅದೇ ರಾಜ್ಯಪ್ರಾಣಿ ಅಂತ ಎಲ್ಲರೂ ತಿಳಿದಿದ್ದರು. ಜೆಫರ್ಸನ್ ಕೌಂಟಿಯ ನಾಲ್ಕು ಶಾಲಾ ಮಕ್ಕಳು ಹುಡುಕಿ ನೋಡಿದರೆ ಅಂಥ ಕಾನೂನೇ ಇಲ್ಲ! ವಿಷಯ ಶಾಸನಸಭೆಗೆ ಹೋಯಿತು. ಅಲ್ಲಿ ಉತ್ತರ ಭಾಗದ ಶಾಸಕರು ತಕರಾರು ತೆಗೆದರು, ನಮ್ಮ ಕಡೆ ಜಿಂಕೆಯೇ ದೊಡ್ಡದು ಅಂತ. ಕೊನೆಗೆ 1957ರಲ್ಲಿ ರಾಜಿಯಾಯಿತು. ಬ್ಯಾಜರ್ 'ರಾಜ್ಯಪ್ರಾಣಿ', ಬಿಳಿಬಾಲದ ಜಿಂಕೆ 'ರಾಜ್ಯದ ವನ್ಯಪ್ರಾಣಿ'. ಅಷ್ಟಕ್ಕೇ ನಿಲ್ಲಲಿಲ್ಲ. 1971ರಲ್ಲಿ ಹಾಲು ಕರೆಯುವ ಹಸು 'ರಾಜ್ಯದ ಸಾಕುಪ್ರಾಣಿ' ಆಯಿತು. 1977ರಲ್ಲಿ ಮ್ಯಾರಿನೆಟ್ ಊರಿನ ಮೂರನೇ ತರಗತಿಯ ಮಕ್ಕಳು ಕೇಳಿ ಜೇನುನೊಣವನ್ನು ರಾಜ್ಯಕೀಟ ಮಾಡಿಸಿದರು. 2017ರಲ್ಲಿ ಚೀಸ್ ರಾಜ್ಯದ ಹೈನು ಪದಾರ್ಥವಾಯಿತು, ಅದನ್ನು ಕೇಳಿದವರು ನಾವು ಹಿಂದಿನ ದಿನ ನೋಡಿದ ಮಿನರಲ್ ಪಾಯಿಂಟ್‌ನ ನಾಲ್ಕನೇ ತರಗತಿ ಮಕ್ಕಳು.

ಇಂಥದ್ದಕ್ಕೆಲ್ಲ ಶಾಸಕರ ಸಮಯ ಯಾಕೆ ಹಾಳು ಅಂತ ಕೇಳುವವರು ಇಲ್ಲೂ ಇದ್ದಾರಂತೆ. ನನಗೆ ಹಾಗೆ ಅನ್ನಿಸಲಿಲ್ಲ. ಒಬ್ಬ ಶಾಸಕ ಮಸೂದೆ ತರಬೇಕು, ಸಮಿತಿ ನೋಡಬೇಕು, ಎರಡೂ ಸದನ ಒಪ್ಪಬೇಕು, ರಾಜ್ಯಪಾಲರು ಸಹಿ ಹಾಕಬೇಕು. ಇದನ್ನು ನಾನು ಕಪ್ಪುಹಲಗೆ ಮೇಲೆ ಬಾಣದ ಗುರುತು ಹಾಕಿ ಕಲಿಸುತ್ತಿದ್ದೆ. ಈ ಮಕ್ಕಳು ಅದನ್ನು ಕಣ್ಣಾರೆ ನೋಡಿ ಕಲಿತರು.

ವಿಸ್ಕಾನ್ಸಿನ್ ಜನಕ್ಕೆ ಇನ್ನೊಂದು ಹೆಸರೂ ಇದೆ: ಚೀಸ್‌ಹೆಡ್, ಅಂದರೆ ಚೀಸ್ ತಲೆಯವರು. ಪಕ್ಕದ ಇಲಿನಾಯ್‌ನವರು ಆಟದ ಮೈದಾನದಲ್ಲಿ ಹೀಯಾಳಿಸುತ್ತಿದ್ದ ಮಾತು ಅದು. 1987ರಲ್ಲಿ ರಾಲ್ಫ್ ಬ್ರೂನೋ ಎಂಬ ಯುವಕ ಸೋಫಾದ ಫೋಮನ್ನು ತ್ರಿಕೋನವಾಗಿ ಕತ್ತರಿಸಿ, ಹಳದಿ ಬಳಿದು, ತಲೆಗೆ ಹಾಕಿಕೊಂಡು ಮಿಲ್ವಾಕಿಯ ಬೇಸ್‌ಬಾಲ್ ಪಂದ್ಯಕ್ಕೆ ಹೋದ. ಈಗ ಸಾವಿರಾರು ಜನ ಆ ಟೋಪಿ ಹಾಕಿಕೊಂಡು ಮೈದಾನ ತುಂಬುತ್ತಾರೆ. ಇಂಥವರ ನಾಡಿನಲ್ಲಿ 1895ರಿಂದ 1967ರವರೆಗೆ ಬೆಣ್ಣೆಯ ಹಾಗೆ ಹಳದಿ ಬಣ್ಣ ಹಾಕಿದ ಮಾರ್ಗರಿನ್ (ಬೆಣ್ಣೆಗೆ ಬದಲಾಗಿ ಬಳಸುವ ಜಿಡ್ಡು) ಮಾರುವುದಕ್ಕೆ ನಿಷೇಧವಿತ್ತು. ಬೇಕಾದವರು ಗಡಿ ದಾಟಿ ಇಲಿನಾಯ್‌ನಿಂದ ತರುತ್ತಿದ್ದರು.

ಮೂರನೇ ದಿನ, ಭಾನುವಾರ: ಮಿಂಚುಹುಳ

ಬೆಳಗ್ಗೆ ರೆಸೀನ್‌ನಲ್ಲಿ ನಿಂತು ಕ್ರಿಂಗಲ್ ಕೊಂಡೆವು. ಡೆನ್ಮಾರ್ಕಿನಿಂದ ಬಂದವರು ತಂದ, ಬಳೆಯಂತೆ ಸುತ್ತಿದ, ಪದರ ಪದರದ ಸಿಹಿ. 2013ರಿಂದ ಅದೂ ರಾಜ್ಯದ ತಿಂಡಿ. ಆಮೇಲೆ ದಿನವಿಡೀ ಕಾರು. ಶಿಕಾಗೋ ದಾಟಿ, ಇಂಡಿಯಾನಾ ಒಳಗೆ ಬಂದು, ಸ್ವಲ್ಪ ದೂರದಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಯಿತು. ಎರಡೂ ಕಡೆ ಬರೀ ಜೋಳದ ಹೊಲ ಮತ್ತು ಗಾಳಿಯಂತ್ರ.

ಸಂಜೆ ವೆಸ್ಟ್ ಲಫಾಯೆಟ್ ಸೇರಿದೆವು. ಈ ಊರಿನ ಕಂಬರ್ಲ್ಯಾಂಡ್ ಶಾಲೆಯ ಎರಡನೇ ತರಗತಿಯ ಮಕ್ಕಳು ಒಂದು ದಿನ ಗಮನಿಸಿದ್ದು ಇಷ್ಟೇ: ಇಂಡಿಯಾನಾಕ್ಕೆ ರಾಜ್ಯಕೀಟವೇ ಇಲ್ಲ. ಮಿಂಚುಹುಳ ಇರಲಿ ಅಂತ ಕಾಗದ ಬರೆದರು, ಚಿತ್ರ ಬಿಡಿಸಿ ಕಳಿಸಿದರು. ಒಂದೇ ಸಲಕ್ಕೆ ಆಗಲಿಲ್ಲ. ಬಿಡಲಿಲ್ಲ. 2018ರಲ್ಲಿ ಕಾನೂನಾಯಿತು. ಅವರು ಆರಿಸಿದ್ದು ಸುಮ್ನೆ ಯಾವುದೋ ಮಿಂಚುಹುಳವಲ್ಲ. 'ಸೇ ಅವರ ಮಿಂಚುಹುಳ' ಎಂಬ ಜಾತಿ. ಅಮೆರಿಕದ ಕೀಟಶಾಸ್ತ್ರದ ತಂದೆ ಅನ್ನಿಸಿಕೊಂಡ ಥಾಮಸ್ ಸೇ ಇದೇ ಇಂಡಿಯಾನಾದ ನ್ಯೂ ಹಾರ್ಮನಿಯಲ್ಲಿ ಬದುಕಿ, 1834ರಲ್ಲಿ ಅಲ್ಲೇ ತೀರಿಕೊಂಡವರು. ತಮ್ಮ ನೆಲದ ವಿಜ್ಞಾನಿಯ ಹೆಸರೂ ಉಳಿಯಲಿ ಅಂತ ಎರಡನೇ ತರಗತಿಯ ಮಕ್ಕಳು ಆ ಜಾತಿಯನ್ನೇ ಹಿಡಿದರು ಅಂದರೆ, ಅವರಿಗೆ ಪಾಠ ಮಾಡಿದ ಟೀಚರ್ ಮೇಲೆ ನನಗೆ ಎಷ್ಟು ಗೌರವ ಬಂತು ಹೇಳಲಾರೆ.

ಜೂನ್ ತಿಂಗಳಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ಒಂಬತ್ತೂಕಾಲರ ಮೇಲೆ. ಹೋಟೆಲ್ ಹಿಂದಿನ ಹುಲ್ಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತೆವು. ಕತ್ತಲಾಗುತ್ತಿದ್ದಂತೆ ಹುಲ್ಲಿನ ಬುಡದಲ್ಲಿ ಒಂದು ಹಳದಿ ಬೆಳಕು. ಆಮೇಲೆ ಎರಡು. ಆಮೇಲೆ ಎಣಿಸುವುದು ಬಿಟ್ಟೆವು. ನಮ್ಮ ಮಲೆನಾಡಿನಲ್ಲಿ ಮಳೆ ಹಿಡಿಯುವ ಮುಂಚೆ ಇಡೀ ಮರವೇ ಒಟ್ಟಿಗೆ ಮಿಣಮಿಣ ಅನ್ನುತ್ತದೆ. ಇಲ್ಲಿ ಒಂದೊಂದೂ ಬೇರೆ ಬೇರೆ. ನೆಲದಿಂದ ಮೇಲಕ್ಕೆ ಏಳುತ್ತಾ ಒಂದು ಗೀಟು ಎಳೆದು ಆರುತ್ತವೆ. ಇವುಗಳಲ್ಲಿ ಸೇ ಅವರ ಜಾತಿ ಯಾವುದೋ ನಮಗೆ ಗುರುತಿಸಲು ಬರಲಿಲ್ಲ. ಮೊಮ್ಮಗಳು ನನ್ನ ಮಡಿಲಲ್ಲಿ ತಲೆಯಿಟ್ಟು, "ಅಜ್ಜಿ, ನಿನ್ನ ಊರಲ್ಲೂ ಇದೆಯಾ?" ಅಂದಳು. ಮುಂದಿನ ಬೇಸಿಗೆಗೆ ಬಾ, ತೋರಿಸ್ತೀನಿ ಅಂದೆ.

ನಾಲ್ಕನೇ ದಿನ, ಸೋಮವಾರ: ಹೂಜರ್ ಅಂದರೇನು?

ಇಂಡಿಯಾನಾಪೊಲಿಸ್‌ನ ಶಾಸನಭವನ 1888ರಲ್ಲಿ ಮುಗಿದ ಕಟ್ಟಡ. ಇಲ್ಲಿಯದೇ ಸುಣ್ಣಕಲ್ಲು, ಅದೂ ಅಧಿಕೃತ ರಾಜ್ಯಶಿಲೆ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೂ ಈ ಕಲ್ಲೇ ಹೋಗಿದ್ದು. ಹೂವಿನ ವಿಷಯದಲ್ಲಿ ಮಾತ್ರ ಈ ರಾಜ್ಯಕ್ಕೆ ಮನಸ್ಸು ನಿಂತಿಲ್ಲ. 1913ರಲ್ಲಿ ಕಾರ್ನೇಶನ್, 1923ರಲ್ಲಿ ಟ್ಯುಲಿಪ್ ಮರದ ಹೂ, 1931ರಲ್ಲಿ ಜಿನಿಯಾ, 1957ರಿಂದ ಪಿಯೋನಿ. ಹಕ್ಕಿ ಯಾವುದು ಅಂತ ನೋಡಿದರೆ ಕಾರ್ಡಿನಲ್! ಮೊಮ್ಮಗಳಿಗೆ ಬೇಜಾರಾಯಿತು. ಒಟ್ಟು ಏಳು ರಾಜ್ಯಗಳು ಅದನ್ನೇ ಆರಿಸಿಕೊಂಡಿವೆ ಅಂತ ಗೊತ್ತಾದಾಗ ಇನ್ನೂ ಬೇಜಾರು.

ಇಂಡಿಯಾನಾದವರಿಗೆ ಹೂಜರ್ ಅನ್ನುತ್ತಾರೆ. 1833ರ ಜನವರಿ 1ರಂದು ಇಲ್ಲಿನ ಪತ್ರಿಕೆಯೊಂದರಲ್ಲಿ ಜಾನ್ ಫಿನ್ಲೇ ಬರೆದ ಕವಿತೆಯ ಹೆಸರಲ್ಲೇ ಆ ಮಾತಿತ್ತು, ಅಲ್ಲಿಂದ ಎಲ್ಲೆಡೆ ಹಬ್ಬಿತು. ಅರ್ಥ ಮಾತ್ರ ಯಾರಿಗೂ ಖಚಿತವಿಲ್ಲ. ಕಾಡಿನ ಮನೆಯ ಕದ ತಟ್ಟಿದರೆ ಒಳಗಿಂದ "ಯಾರಲ್ಲಿ?" ಅಂತ ಕೂಗುವ ಸದ್ದು ಹೀಗೆ ಕೇಳಿಸುತ್ತಿತ್ತು ಅನ್ನುವುದು ಒಂದು ಕಥೆ. ಹೂಜರ್ ಎಂಬ ಹೆಸರಿನ ಗುತ್ತಿಗೆದಾರ ಕಾಲುವೆ ಕೆಲಸಕ್ಕೆ ಇಲ್ಲಿಯ ಕೂಲಿಗಳನ್ನೇ ಇಟ್ಟುಕೊಳ್ಳುತ್ತಿದ್ದ ಅನ್ನುವುದು ಇನ್ನೊಂದು. ಗುಡ್ಡಗಾಡಿನ ಒರಟನಿಗೆ ದಕ್ಷಿಣದವರು ಬಳಸುತ್ತಿದ್ದ ಬೈಗುಳ ಅನ್ನುವವರೂ ಇದ್ದಾರೆ. ಸೇಂಟ್ ಲೂಯಿಸ್ ಕಡೆ ಈಗಲೂ ಅದು ಬೈಗುಳವೇ. ನಮ್ಮಲ್ಲೂ ಘಟ್ಟದ ಮೇಲಿನವರು, ಬಯಲುಸೀಮೆಯವರು ಅನ್ನುವ ಮಾತು ಹೇಳುವ ಧಾಟಿಗೆ ತಕ್ಕಂತೆ ಪ್ರೀತಿಯೂ ಆಗುತ್ತದೆ, ಚುಚ್ಚುಮಾತೂ ಆಗುತ್ತದೆ ಅಲ್ವಾ?

ಮಧ್ಯಾಹ್ನ ಒಹಾಯೋ ಕಡೆ ಹೊರಟಾಗ ಹೆದ್ದಾರಿಯಲ್ಲಿ ಟೈರ್ ಪಂಕ್ಚರ್ ಆಯಿತು. ಬಿಸಿಲು, ಪಕ್ಕದಲ್ಲೇ ಗುಡುಗುಡು ಅಂತ ಓಡುವ ಲಾರಿಗಳು. ಮಗ ಜಾಕ್ ಹಾಕಲು ಒದ್ದಾಡುತ್ತಿದ್ದಾಗ ಪಿಕಪ್ ಗಾಡಿಯೊಂದು ನಿಂತಿತು. ಇಳಿದ ವಯಸ್ಸಾದ ರೈತ ಏನೂ ಕೇಳದೆ ಕೆಲಸಕ್ಕೆ ಕೈ ಹಾಕಿದರು. ಹದಿನೈದೇ ನಿಮಿಷ. ಮೊಮ್ಮಗಳು ಅವರಿಗೆ ಚಕ್ಕುಲಿ ಕೊಟ್ಟು, "ನಿಮ್ಮನ್ನ ಇಂಡಿಯಾನಿಯನ್ ಅನ್ನಬೇಕಾ, ಹೂಜರ್ ಅನ್ನಬೇಕಾ?" ಅಂತ ಕೇಳಿದಳು. ಅವರು, "ಮಗೂ, ನಮ್ಮ ಮನೆಯಲ್ಲಿ ಆ ಮೊದಲನೇ ಮಾತನ್ನ ಯಾರೂ ಆಡಿದ್ದು ನಾನು ಕೇಳಿಲ್ಲ" ಅಂದರು.

ಅವಳು ಸುಮ್ಮನೆ ಕೇಳಿದ್ದಲ್ಲ. ಸರ್ಕಾರಿ ಕಾಗದಪತ್ರದಲ್ಲಿ ಯಾವ ರಾಜ್ಯದವರನ್ನು ಹೇಗೆ ಕರೆಯಬೇಕು ಅಂತ ಅಮೆರಿಕದ ಸರ್ಕಾರಿ ಪ್ರಕಟಣಾ ಕಚೇರಿಯ ಕೈಪಿಡಿಯಲ್ಲಿ ಪಟ್ಟಿಯೇ ಇದೆ. ಅದರಲ್ಲಿ ಬಹುಕಾಲ ಇದ್ದದ್ದು ಇಂಡಿಯಾನಿಯನ್. ಇಲ್ಲಿಯ ಇಬ್ಬರು ಸೆನೆಟರ್‌ಗಳು, ಅವರದ್ದು ಬೇರೆ ಬೇರೆ ಪಕ್ಷ, ಒಟ್ಟಾಗಿ ಕೇಳಿದ ಮೇಲೆ 2017ರಲ್ಲಿ ಹೂಜರ್ ಆಯಿತು. ಅರ್ಥವೇ ಗೊತ್ತಿಲ್ಲದ ಒಂದು ಮಾತಿಗೆ ಜನ ಇಷ್ಟು ಗಟ್ಟಿಯಾಗಿ ಅಂಟಿಕೊಂಡಿದ್ದು ನನಗೆ ಬಹಳ ಹಿಡಿಸಿತು.

ಐದನೇ ದಿನ, ಮಂಗಳವಾರ: ಜಿಂಕೆಯ ಕಣ್ಣು, ಕೆಂಪು ಹೂವು

ಕೊಲಂಬಸ್ ಊರಲ್ಲಿ ಎಲ್ಲಿ ನೋಡಿದರೂ ಬಕ್‌ಐ. ಅಂಗಡಿ, ಅಂಗಿ, ಬಸ್ಸು, ಎಲ್ಲದರ ಮೇಲೂ. ಬಕ್‌ಐ ಅಂದರೆ ಗಂಡು ಜಿಂಕೆಯ ಕಣ್ಣು. ಒಂದು ಮರದ ಬೀಜ, ಕಂದು ಬಣ್ಣ, ನಡುವೆ ಒಂದು ತಿಳಿ ಬೊಟ್ಟು. ಇಲ್ಲಿಯ ಮೂಲನಿವಾಸಿಗಳಿಗೆ ಅದು ಜಿಂಕೆ ಕಣ್ಣಿನ ಹಾಗೆ ಕಂಡಿತ್ತು. ಅಂಗಡಿಯವರು ಕೊಟ್ಟ ಹಳೇ ಬೀಜವೊಂದನ್ನು ಅಂಗೈಯಲ್ಲಿಟ್ಟು ನೋಡಿದೆ. ನಿಜಕ್ಕೂ ಕಣ್ಣೇ. ಹಾಗೇ ತಿಂದರೆ ವಿಷ. ಜೇಬಲ್ಲಿಟ್ಟುಕೊಂಡರೆ ಅದೃಷ್ಟ ಅಂತಾರೆ. ತಿನ್ನಲು ಅದೇ ಆಕಾರದ ಮಿಠಾಯಿ ಇದೆ: ಕಡಲೆಕಾಯಿ ಬೆಣ್ಣೆಯ ಉಂಡೆಯನ್ನು ಚಾಕೊಲೇಟಿನಲ್ಲಿ ಅದ್ದಿ, ಮೇಲೆ ಸ್ವಲ್ಪ ಜಾಗ ಬಿಡುತ್ತಾರೆ.

ಜನರಿಗೆ ಈ ಹೆಸರು ಗಟ್ಟಿಯಾಗಿ ಅಂಟಿದ್ದು 1840ರ ಅಧ್ಯಕ್ಷೀಯ ಚುನಾವಣೆಯಲ್ಲಿ. ಒಹಾಯೋದ ವಿಲಿಯಂ ಹೆನ್ರಿ ಹ್ಯಾರಿಸನ್ ನಿಂತಿದ್ದರು. ಎದುರಾಳಿ ಪತ್ರಿಕೆಯೊಂದು, ಈ ಮುದುಕನಿಗೆ ಸೇಬಿನ ಹೆಂಡ ಕೊಟ್ಟರೆ ಮರದ ಗುಡಿಸಲಲ್ಲಿ ಹಾಯಾಗಿ ಬಿದ್ದಿರುತ್ತಾನೆ ಅಂತ ಬರೆಯಿತು. ಹ್ಯಾರಿಸನ್ ಕಡೆಯವರು ಆ ಗುಡಿಸಲನ್ನೇ ಎತ್ತಿಕೊಂಡರು. ಬಕ್‌ಐ ಮರದ ಗುಡಿಸಲು ಕಟ್ಟಿ ಮೆರವಣಿಗೆ ಮಾಡಿದರು, ಬಕ್‌ಐ ಮರದ ಊರುಗೋಲು ಹಿಡಿದು ನಡೆದರು. ಹ್ಯಾರಿಸನ್ ಗೆದ್ದರು. ಮರ ಕಾನೂನಿನಲ್ಲಿ ರಾಜ್ಯವೃಕ್ಷ ಆಗಿದ್ದು ಮಾತ್ರ 1953ರಲ್ಲಿ.

ಶಾಸನಭವನದ ಮುಂದೆ ಒಹಾಯೋ ಬಾವುಟ ಹಾರುತ್ತಿತ್ತು. ಐವತ್ತು ರಾಜ್ಯಗಳಲ್ಲಿ ಆಯತಾಕಾರ ಇಲ್ಲದ ಬಾವುಟ ಇದೊಂದೇ, ಟಿಸಿಲೊಡೆದ ಹಕ್ಕಿಬಾಲದ ಹಾಗಿದೆ. ಅಲ್ಲೇ ಅಧ್ಯಕ್ಷ ವಿಲಿಯಂ ಮೆಕಿನ್ಲಿ ಅವರ ಪ್ರತಿಮೆ. ಒಹಾಯೋದ ರಾಜ್ಯಪಾಲರಾಗಿದ್ದಾಗ ಅವರು ಎದುರಿನ ಹೋಟೆಲಿನಲ್ಲಿ ಇದ್ದರು. ಹೆಂಡತಿ ಐಡಾ ಕಾಯಿಲೆಯವರು. ಬೆಳಗ್ಗೆ ಕಚೇರಿಗೆ ಹೋಗುವಾಗ ರಸ್ತೆ ದಾಟಿ ತಿರುಗಿ, ಕಿಟಕಿಯಲ್ಲಿದ್ದ ಹೆಂಡತಿಗೆ ಟೋಪಿ ತೆಗೆದು ನಮಸ್ಕರಿಸಿ ಒಳಗೆ ಹೋಗುತ್ತಿದ್ದರು. ಆ ಹೋಟೆಲ್ ಈಗಿಲ್ಲ. ನಾನು ಪ್ರತಿಮೆ ಪಕ್ಕ ನಿಂತು ಎದುರು ಬದಿ ನೋಡಿದೆ.

ರಾಜ್ಯದ ಹೂವಿನ ಕಥೆ ಅವರದ್ದೇ. ಅದಕ್ಕಾಗಿ ಮಧ್ಯಾಹ್ನ ಎರಡು ಗಂಟೆ ಹಾದಿಯ ಕ್ಯಾಂಟನ್‌ಗೆ ಹೋದೆವು. ಹತ್ತಿರದ ಅಲಯನ್ಸ್ ಊರಿನ ಲೀವೈ ಲ್ಯಾಂಬಾರ್ನ್ ಎಂಬ ವೈದ್ಯರು ಮನೆಯಲ್ಲಿ ಕಾರ್ನೇಶನ್ ಬೆಳೆಸುತ್ತಿದ್ದರು. 1876ರ ಚುನಾವಣೆಯಲ್ಲಿ ಅವರು ಮೆಕಿನ್ಲಿ ವಿರುದ್ಧ ನಿಂತಿದ್ದರು. ಆದರೂ ಗೆಳೆತನ ಕೆಡಲಿಲ್ಲ. ಕೋಟಿಗೆ ಸಿಕ್ಕಿಸಿಕೊಳ್ಳಲು ಎದುರಾಳಿಗೇ ಕೆಂಪು ಹೂ ಕೊಟ್ಟರು. ಮೆಕಿನ್ಲಿ ಗೆದ್ದರು, ಅಂದಿನಿಂದ ಕೆಂಪು ಕಾರ್ನೇಶನ್ ಬಿಡಲಿಲ್ಲ. 1901ರ ಸೆಪ್ಟೆಂಬರ್ 6ರಂದು ಬಫಲೋ ಊರಿನ ವಸ್ತುಪ್ರದರ್ಶನದಲ್ಲಿ ಜನರ ಕೈ ಕುಲುಕುತ್ತಿದ್ದಾಗ ಅವರಿಗೆ ಗುಂಡು ತಗುಲಿತು. ಅದಕ್ಕೂ ಒಂದು ಕ್ಷಣ ಮುಂಚೆ ಕೋಟಿನ ಹೂವನ್ನು ಒಂದು ಪುಟ್ಟ ಹುಡುಗಿಗೆ ಕೊಟ್ಟಿದ್ದರು ಅಂತ ಹೇಳುತ್ತಾರೆ. ಎಂಟು ದಿನದ ಮೇಲೆ ತೀರಿಕೊಂಡರು. 1904ರಲ್ಲಿ ಅವರ ನೆನಪಿಗೆ ಕೆಂಪು ಕಾರ್ನೇಶನ್ ಒಹಾಯೋದ ಹೂವಾಯಿತು.

ಅವರ ಸಮಾಧಿಗೆ 108 ಮೆಟ್ಟಿಲು. 108 ಅಂದ ಕೂಡಲೇ ಕೈ ತಾನೇ ಜೋಡಿಸಿಕೊಂಡಿತು. ಮಂಡಿ ನೋವು ಇದ್ದರೂ ನಿಂತು ನಿಂತು ಹತ್ತಿದೆ. ಮೇಲೆ ಗಂಡ, ಹೆಂಡತಿ ಅಕ್ಕಪಕ್ಕ ಮಲಗಿದ್ದಾರೆ. ಮೊಮ್ಮಗಳು ಹೂವಿನಂಗಡಿಯಿಂದ ತಂದಿದ್ದ ಒಂದೇ ಒಂದು ಕೆಂಪು ಹೂವನ್ನು ಬಾಗಿಲ ಹತ್ತಿರ ಇಟ್ಟಳು.

ಆರನೇ ದಿನ, ಬುಧವಾರ: ಮನೆಗೆ

ಬೆಳಗ್ಗೆ ಬೇಗ ಹೊರಟೆವು. ಟೊಲೀಡೊ ಊರಿನ ಬಳಿ ಕಾಫಿಗೆ ನಿಂತಾಗ ಮಗ ಹೇಳಿದ, 1835ರಲ್ಲಿ ಈ ಊರಿಗಾಗಿ ಒಹಾಯೋ, ಮಿಷಿಗನ್ ಎರಡೂ ಸೇನೆ ಕಟ್ಟಿಕೊಂಡು ಎದುರುಬದುರು ನಿಂತಿದ್ದವಂತೆ. ಟೊಲೀಡೊ ಒಹಾಯೋಗೆ ಉಳಿಯಿತು, ಬದಲಿಗೆ ಮಿಷಿಗನ್‌ಗೆ ಉತ್ತರದ ದೊಡ್ಡ ಕಾಡುನಾಡು ಸಿಕ್ಕಿತು. ಮಿಷಿಗನ್ ಜನರಿಗೆ ವುಲ್ವರಿನ್ ಅನ್ನುವ ಕ್ರೂರ ಪ್ರಾಣಿಯ ಹೆಸರು ಬಂದಿದ್ದು ಆ ಜಗಳದಲ್ಲಿ, ಒಹಾಯೋದವರು ಬೈದಿದ್ದರಿಂದ ಅನ್ನುವ ಮಾತಿದೆ. ಈಗ ಅವರ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಹೆಸರೇ ಅದು.

"ಮಿಷಿಗನ್‌ನವರನ್ನ ಮಿಷಿಗ್ಯಾಂಡರ್ ಅಂತಾರೆ, ಅದನ್ನ ಹೇಳಿದ್ದು ನಮ್ಮ ಲಿಂಕನ್!" ಅಂತ ಮೊಮ್ಮಗಳು ಹಿಂದಿನ ಸೀಟಿನಿಂದ ಕೂಗಿದಳು. ಗ್ಯಾಂಡರ್ ಅಂದರೆ ಗಂಡು ಹೆಬ್ಬಾತು. 1848ರಲ್ಲಿ ಇಲಿನಾಯ್‌ನ ಸಂಸದರಾಗಿದ್ದ ಲಿಂಕನ್, ಮಿಷಿಗನ್‌ನ ಲೂಯಿಸ್ ಕ್ಯಾಸ್ ಅವರನ್ನು ಅಣಕಿಸಲು ಆ ಮಾತು ಆಡಿದ್ದರು. ಮಿಷಿಗನ್ ಜನ ಅದನ್ನೂ ತಮ್ಮದಾಗಿ ಮಾಡಿಕೊಂಡರು.

ಸಂಜೆ ಐದಕ್ಕೆ ಮನೆ. ಪೆಟ್ಟಿಗೆ ಇಳಿಸುವ ಮುಂಚೆ ಮೊಮ್ಮಗಳು ಹಿತ್ತಲಿಗೆ ಓಡಿದಳು. ಕಾಳಿನ ಗೂಡು ಖಾಲಿಯಾಗಿತ್ತು. ತುಂಬಿಸಿ, ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ಕಾದಳು. ಸ್ವಲ್ಪ ಹೊತ್ತಿಗೆ ಅದು ಬಂತು. ಅವಳು ಪುಸ್ತಕ ತೆಗೆದು 'ಇಲಿನಾಯ್ ಹಕ್ಕಿ' ಎಂಬ ಸಾಲಿನ ಕೆಳಗೆ ಉಳಿದ ಆರು ರಾಜ್ಯಗಳ ಹೆಸರನ್ನೂ ಬರೆದಳು. ಆಮೇಲೆ ಹೊಸ ಹಾಳೆ ತಿರುಗಿಸಿ, "ಅಜ್ಜಿ, ನೀಲಕಂಠನ ಬಣ್ಣ ಯಾವುದು, ಸರಿಯಾಗಿ ಹೇಳು" ಅಂದಳು.